ಹೋಲಿಕೆ ಬೀದಿ

ಜಗನ್ನಾಥನ ಆ ದಿನವನ್ನು ಕೆಡಿಸಿದ್ದು ಒಂದು ಮೊಳೆ. ರಾಜಾಜಿನಗರದ ಹನ್ನೊಂದನೇ ಕ್ರಾಸಿನಲ್ಲಿ, ಬಸವರಾಜೇಶ್ವರಿಯವರ ಮನೆಯ ಮರದ ಗೇಟಿನಿಂದ ಅದು ಅರ್ಧ ಇಂಚು ತಲೆ ಹೊರಗೆ ಹಾಕಿಕೊಂಡು ಎಷ್ಟೋ ವರ್ಷಗಳಿಂದ ಯಾರಿಗೋ ಕಾಯುತ್ತಿತ್ತು. ಹಾಲಿನವನಿಗೆ ಅದು ಗೊತ್ತು, ಪೋಸ್ಟ್‌ಮನ್ನಿಗೂ ಗೊತ್ತು. ಜಗನ್ನಾಥನಿಗೆ ಗೊತ್ತಿರಲಿಲ್ಲ. ಎರಡು ಕೈಯಲ್ಲೂ ಫಾರಂಗಳಿದ್ದುದರಿಂದ ಅವನು ಒಳಗೆ ಬಂದು ಗೇಟನ್ನು ತನ್ನ ಹಿಂಭಾಗದಿಂದಲೇ ತಳ್ಳಿ ಮುಚ್ಚಿದ. ಪರ್ರೆಂದು ಸದ್ದಾಯಿತು. ಮೇ ತಿಂಗಳ ಸೆಕೆಯಲ್ಲಿ ಎಲ್ಲಿಂದಲೋ ತಣ್ಣನೆಯ ಗಾಳಿ ತಾಗಿತು.

ಹಾಗೆ ಮೈಮರೆಯಲು ಅವನಿಗೆ ಕಾರಣವೂ ಇತ್ತು. ಅವನು 'ಯೋಜನಾ ಫಲ ಪರಿಶೀಲನ ಸಂಸ್ಥೆ'ಯಲ್ಲಿ ನಾಲ್ಕು ವರ್ಷಗಳಿಂದ ಟೆಂಪರರಿ ನೌಕರ. ಸರ್ಕಾರ ಜನರಿಗೆ ಉದ್ಯೋಗಕ್ಕೆಂದು ಕೊಟ್ಟದ್ದು ಉಪಯೋಗಕ್ಕೆ ಬಂತೋ ಇಲ್ಲವೋ ಎಂದು ಮನೆಮನೆ ತಿರುಗಿ ಕೇಳಿ ವರದಿ ಬರೆಯುವುದು ಆ ಸಂಸ್ಥೆಯ ಕೆಲಸ. ಅದು ಹಿಟ್ಟಿನ ಗಿರಣಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಇದ್ದುದರಿಂದ ವರದಿಗಳ ಮೇಲೆಲ್ಲ ತೆಳ್ಳಗೆ ರಾಗಿಹಿಟ್ಟು ಕೂತಿರುತ್ತಿತ್ತು. ಜಗನ್ನಾಥನ ಜೊತೆಗೆ ಒಂದೇ ದಿನ ಕೆಲಸಕ್ಕೆ ಸೇರಿದ ಚನ್ನಕೇಶವನಿಗೆ ಎರಡು ವರ್ಷದ ಹಿಂದೆಯೇ ಖಾಯಂ ಆಗಿತ್ತು. ತನಗೇಕೆ ಆಗಲಿಲ್ಲವೆಂದು ಜಗನ್ನಾಥನಿಗೆ ತಿಳಿಯದು. ಇನ್ನೂ ಹೆಚ್ಚು ದುಡಿದರೆ ಆದೀತೆಂದು ನಂಬಿ, ಪಾಪ, ಇನ್ನೂ ಹೆಚ್ಚು ದುಡಿಯುತ್ತಿದ್ದ.

ಖಾಯಂ ಆಗುವುದರ ಮೇಲೆ ಅವನ ಮದುವೆಯೂ ನಿಂತಿತ್ತು. ವಿಜಯನಗರದ ಚನ್ನಮಲ್ಲಪ್ಪನವರಿಗೆ ಹುಡುಗ ಒಪ್ಪಿಗೆ, ಅವರ ಮಗಳು ನೀಲಾಳಿಗೆ ಇನ್ನೂ ಒಪ್ಪಿಗೆ. ಆದರೆ ಚನ್ನಮಲ್ಲಪ್ಪನವರು, "ಖಾಯಂ ಆರ್ಡರ್ ತೋರಿಸಿದ ದಿನ ಲಗ್ನ ಗೊತ್ತು ಮಾಡೋಣ" ಎಂದು ಹೇಳಿ ಎರಡು ವರ್ಷವಾಗಿತ್ತು.

ಆ ದಿನ ಬೆಳಿಗ್ಗೆ ಡೈರೆಕ್ಟರ್ ಡಾಕ್ಟರ್ ಸೋಮಲಿಂಗಪ್ಪನವರು ತಾವಾಗಿಯೇ ಕರೆದು ಹೇಳಿದ್ದರು.

"ಜಗನ್ನಾಥ್, ಹನ್ನೊಂದನೇ ಕ್ರಾಸಿನ ಹನ್ನೆರಡು ಫಾರಂ ಸಂಜೆ ಐದಕ್ಕೆ ನನ್ನ ಟೇಬಲ್ ಮೇಲಿರ್ಲಿ. ನಿಮ್ಮ ಆರ್ಡರ್ ಟೈಪ್ ಆಗಿದೆ. ಇವತ್ತೇ ಸೈನ್ ಹಾಕಿಬಿಡ್ತೀನಿ."

ಜಗನ್ನಾಥ ಕೆಳಗಿನ ಅಂಗಡಿಯಿಂದ ವಿಜಯನಗರಕ್ಕೆ ಫೋನ್ ಮಾಡಿ, ಸಂಜೆ ಆರ್ಡರ್ ಸಮೇತ ಬರುತ್ತೇನೆಂದು ತಿಳಿಸಿಯೂ ಬಿಟ್ಟ.

ಕೆಲಸವೇನೂ ಕಷ್ಟದ್ದಲ್ಲ. ಆರು ತಿಂಗಳ ಹಿಂದೆ ಹತ್ತನೇ ಕ್ರಾಸಿನ ಹನ್ನೆರಡು ಮನೆಯ ಹೆಂಗಸರಿಗೆ ಸರ್ಕಾರ ಹೊಲಿಗೆ ಕಲಿಸಿ ಒಂದೊಂದು ಮಿಷನ್ ಕೊಟ್ಟಿತ್ತು. ಹನ್ನೊಂದನೇ ಕ್ರಾಸಿಗೆ ಏನೂ ಕೊಟ್ಟಿರಲಿಲ್ಲ. ಕೊಟ್ಟ ಬೀದಿಯವರು ಎಷ್ಟು ಮುಂದೆ ಬಂದರೆಂದು ತಿಳಿಯಬೇಕಾದರೆ, ಕೊಡದ ಬೀದಿಯವರು ಎಲ್ಲಿದ್ದಾರೆಂದು ನೋಡಬೇಕಲ್ಲ! ಡಾಕ್ಟರು ಅಮೆರಿಕದಲ್ಲಿ ಕಲಿತು ಬಂದ ವಿದ್ಯೆ ಇದು. ಏನೂ ಕೊಡದ ಬೀದಿಗೆ 'ಹೋಲಿಕೆ ಬೀದಿ' ಎಂದು ಹೆಸರು. ತಮ್ಮದು ಹೋಲಿಕೆ ಬೀದಿ ಎನ್ನುವುದು ಆ ಬೀದಿಯವರಿಗೆ ಯಾವ ಕಾರಣಕ್ಕೂ ತಿಳಿಯಕೂಡದು, ಇದೊಂದೇ ನಿಯಮ. ಹತ್ತನೇ ಕ್ರಾಸಿನವರೂ ಕಣ್ಣುಬಿದ್ದೀತೆಂದು ಮಿಷನ್ನಿನ ಸುದ್ದಿಯನ್ನು ಬಾಯಿಬಿಟ್ಟಿರಲಿಲ್ಲ. ಹನ್ನೊಂದನೇ ಕ್ರಾಸಿನಲ್ಲಿ "ಹೊಲಿಗೆಯಿಂದ ಆದಾಯ ಇದೆಯೇ?" ಎಂದು ಕೇಳಿ, ಹನ್ನೆರಡು ಸಲ "ಇಲ್ಲ" ಎಂದು ಬರೆದುಕೊಂಡು ಬಂದರೆ ಮುಗಿಯಿತು.

ಈಗ ಜಗನ್ನಾಥ ಬಸವರಾಜೇಶ್ವರಿಯವರ ಜಗಲಿಯಲ್ಲಿ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದ. ಆ ಬೀದಿಯಲ್ಲಿ ನಲ್ಲಿ ಕೆಟ್ಟರೂ, ನೆಂಟಸ್ತನ ಕೆಟ್ಟರೂ ಸರಿಮಾಡುವವರು ಬಸವರಾಜೇಶ್ವರಿಯವರೇ. ಕೂದಲು ನೆರೆತಿದ್ದರೂ ಗಂಟಲು ನೆರೆತಿರಲಿಲ್ಲ.

"ಕೂತ್ಕೊಳಿ ಸಾರ್, ಯಾಕೆ ಹಂಗೆ ಹಲ್ಲಿ ಥರ ನಿಂತಿದೀರಿ?"

"ಪರವಾಗಿಲ್ಲಮ್ಮ, ಹೀಗೇ ಚೆನ್ನಾಗಿದೆ. ಮನೇಲಿ ಹೊಲಿಗೆಯಿಂದ ಏನಾದ್ರೂ ಆದಾಯ..."

"ತಿರುಗಿ ಸ್ವಲ್ಪ."

"ಬೇಡಮ್ಮ."

"ಮೊಳೆಗೆ ಸಿಕ್ಕಿದೀಯ ತಾನೆ? ತಿರುಗಪ್ಪ, ನನಗೆ ನಿನ್ನಷ್ಟು ದೊಡ್ಡ ಮಗ ಇದಾನೆ." ಪ್ಯಾಂಟು ಹರಿದ ಕೂಡಲೇ ಸಾರ್ ಹೋಗಿ ಏಕವಚನ ಬಂದಿತ್ತು. "ಅಯ್ಯೋ ಶಿವನೇ! ಇದು ಕೈಹೊಲಿಗೆಗೆ ಬಗ್ಗೋದಲ್ಲ, ಮಿಷನ್ನೇ ಆಗ್ಬೇಕು. ಈ ಸ್ಕೂಲ್ ಶುರುವಾಗೋ ಟೈಮಲ್ಲಿ ಯಾವ ಟೈಲರು ಕೈಗೆ ಸಿಗ್ತಾನೆ? ನಮ್ಮ ಬೀದೀಲಿ ಮನೆಮನೇಲೂ ಯೂನಿಫಾರಂ ಬಟ್ಟೆ ಹಂಗೇ ಬಿದ್ದಿದೆ."

ಗಾಬರಿಯಲ್ಲಿದ್ದ ಮನುಷ್ಯನ ಬಾಯಿಗೆ ಬೀಗ ಇರುವುದಿಲ್ಲ.

"ಯಾಕಮ್ಮ, ಹಿಂದಿನ ಬೀದೀಲೇ ಹನ್ನೆರಡು ಮಿಷನ್ ಇದೆಯಲ್ಲ, ಸರ್ಕಾರ ಕೊಟ್ಟಿದ್ದು..." ಎಂದ ಜಗನ್ನಾಥ. ಆಮೇಲೆ ನಾಲಿಗೆ ಕಚ್ಚಿಕೊಂಡ. ಕಚ್ಚಿದ್ದು ಅರ್ಧ ನಿಮಿಷ ತಡವಾಗಿತ್ತು.

"ಯಾವ ಮಿಷನ್ನು?"

"ಏನಿಲ್ಲಮ್ಮ."

"ಮುನಿತಾಯಮ್ಮಾ! ಬನ್ರೀ ಇಲ್ಲಿ!"

ಪಕ್ಕದ ಮನೆಯ ಮುನಿತಾಯಮ್ಮ ಕಾಂಪೌಂಡಿನ ಮೇಲೆ ತಲೆ ಎತ್ತಿದರು. ಅವರ ಹಿಂದೆ ಇನ್ನೂ ನಾಲ್ಕು ತಲೆ ಎದ್ದವು. ಐದು ನಿಮಿಷದಲ್ಲಿ ಜಗಲಿ ತುಂಬಿತು. ಹೋಲಿಕೆ ಬೀದಿ ಎಂದರೇನೆಂದು ಜಗನ್ನಾಥ ವಿವರಿಸಲೇಬೇಕಾಯಿತು.

"ಅಂದ್ರೆ, ನಮಗೆ ಏನೂ ಕೊಡಬಾರದು ಅಂತ ಬೇಕುಬೇಕಂತ ಆರಿಸಿದಾರಾ?" ಎಂದರು ಮುನಿತಾಯಮ್ಮ.

"ಬೇಜಾರು ಮಾಡ್ಕೋಬೇಡಿ. ಹೋಲಿಕೆ ಅನ್ನೋದು ಗೌರವದ ಕೆಲಸ. ನೀವಿಲ್ದೇ ಇದ್ರೆ ಅವರ ಬೆಲೆ ಗೊತ್ತಾಗೋದೇ ಇಲ್ಲ."

"ಅವರಿಗೆ ಮಿಷನ್ನು, ನಮಗೆ ಗೌರವ! ಎಷ್ಟು ದಿನ ಈ ಗೌರವ?"

"ಇವತ್ತಿಗೆ ಮುಗೀತಮ್ಮ. 'ಇಲ್ಲ' ಅಂತ ಒಂದು ಮಾತು ಹೇಳಿಬಿಡಿ, ನನ್ನ ಮದುವೆ ಆಗುತ್ತೆ."

ಅವನ ಮದುವೆಗೂ ತಮ್ಮ ಮಿಷನ್ನಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಬಸವರಾಜೇಶ್ವರಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಬಾಗಿಲು ತೆರೆದಿದ್ದರು. ಎರಡು ಬೀದಿಗಳ ಹಿತ್ತಿಲುಗಳ ನಡುವೆ ಕಸದ ಗಾಡಿ ಓಡಾಡುವ ಒಂದು ಗಲ್ಲಿ ಇತ್ತು. ಹನ್ನೊಂದನೇ ಕ್ರಾಸು ಪೂರ್ತಿ ಆ ಗಲ್ಲಿಯಲ್ಲಿ ಹತ್ತನೇ ಕ್ರಾಸಿನ ಕಡೆಗೆ ಹೊರಟಿತು. ಹಿಂದೆ ಫಾರಂಗಳ ಫೈಲನ್ನು ಪ್ಯಾಂಟಿಗೆ ಅಡ್ಡ ಹಿಡಿದುಕೊಂಡು, "ಅಮ್ಮಾ, ನಿಯಮ ಇದೆ! ಅಮ್ಮಾ, ಮುಟ್ಟಬಾರದು!" ಎಂದು ಕೂಗುತ್ತ ಜಗನ್ನಾಥ ಓಡಿದ.

ಮೊದಲು ಸಿಕ್ಕಿದ್ದು ನರಸಮ್ಮನ ಮನೆ. ನರಸಮ್ಮನ ನಡುಮನೆಯಲ್ಲಿ ಮಿಷನ್ ಇತ್ತು. ಅದರ ಮೇಲೆ ಕ್ರೋಷಾ ಹೊದಿಕೆ, ಹೊದಿಕೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಕುಂಡದ ಪಕ್ಕ ಟ್ರಾನ್ಸಿಸ್ಟರು, ಟ್ರಾನ್ಸಿಸ್ಟರಿನ ಮೇಲೆ ನರಸಮ್ಮನ ಮದುವೆಯ ಫೋಟೋ.

"ಹೊಲಿಯಲ್ವೇನ್ರೀ?" ಎಂದು ಬಸವರಾಜೇಶ್ವರಿಯವರು ಕೇಳಿದರು.

"ಅಯ್ಯೋ, ಅಷ್ಟು ಹೊಸಾದು! ಹೊಲಿದ್ರೆ ಹಳೇದಾಗಲ್ವೇ?" ಎಂದರು ನರಸಮ್ಮ. "ಎಲ್ಲಾರ ಮನೇಲೂ ಹಿಂಗೇ ಇಟ್ಟಿದೀವಿ. ಕೊಟ್ಟಿರೋದಂತೂ ಕೊಟ್ಟಾಯ್ತು, ಎಲ್ಲಿಗೆ ಓಡಿಹೋಗುತ್ತೆ?"

"ನಮಗೆ ಕೊಡಿ. ತುಳಿಯೋದು ನಾವು, ಬಂದಿದ್ರಲ್ಲಿ ಅರ್ಧ ನಿಮಗೆ. ನೀವು ಕೂತ ಜಾಗದಿಂದ ಏಳಬೇಡಿ."

ಕೂತ ಜಾಗದಿಂದ ಏಳಬೇಡಿ ಎಂಬ ಮಾತು ನರಸಮ್ಮನ ಮನಸ್ಸಿಗೆ ಬಂದಿತು. ಹತ್ತನೇ ಕ್ರಾಸಿಗೆಲ್ಲ ಬಂದಿತು. ಅರ್ಧ ಗಂಟೆಯಲ್ಲಿ ಹನ್ನೆರಡು ಮಿಷನ್ನುಗಳು ಒಂದರ ಹಿಂದೆ ಒಂದು ಗಲ್ಲಿಯಲ್ಲಿ ಸಾಗಿದವು. ಒಂದಕ್ಕೆ ಒಂದು ಕೈ ಕಡಿಮೆಯಾಗಿ ಜಗನ್ನಾಥನೂ ಹೆಗಲು ಕೊಡಬೇಕಾಯಿತು. ಹಾಗೆ ಹೊತ್ತು ಸಾಗುವಾಗ ಫೈಲಿನ ರಕ್ಷಣೆ ತಪ್ಪಿ, ಹಿಂದೆ ಬರುತ್ತಿದ್ದವರು ಬಿದ್ದೂ ಬಿದ್ದೂ ನಕ್ಕರು.

ಮಧ್ಯಾಹ್ನ ಕೈಗಾರಿಕಾ ವಸಾಹತಿನ ಸೈರನ್ ಕೂಗುವ ಹೊತ್ತಿಗೆ ಹನ್ನೊಂದನೇ ಕ್ರಾಸಿನ ಮನೆಮನೆಯಲ್ಲೂ ಮಿಷನ್ ಓಡುತ್ತಿತ್ತು. ತವರಿನಲ್ಲಿ ಕಲಿತು ಮರೆತವರಿಗೆ ಕಾಲು ತಾನಾಗಿಯೇ ನೆನಪು ಮಾಡಿಕೊಟ್ಟಿತು. ಹೊಲಿಗೆ ಬರದವರಿಗೆ ಬಲ್ಲವರು ಹೇಳಿಕೊಟ್ಟರು. ಟೈಲರು ಸಿಗದೆ ಪರದಾಡುತ್ತಿದ್ದ ಅಕ್ಕಪಕ್ಕದ ಬೀದಿಯವರು ನೀಲಿ ಯೂನಿಫಾರಂ ಬಟ್ಟೆ ಹಿಡಿದು ಸಾಲುನಿಂತರು. ಜಗನ್ನಾಥ ಮಾತ್ರ ಬಸವರಾಜೇಶ್ವರಿಯವರ ಯಜಮಾನರ ಪಂಚೆ ಸುತ್ತಿಕೊಂಡು ಮೂಲೆಯಲ್ಲಿ ಕೂತು, ತನ್ನ ಕಂದು ಪ್ಯಾಂಟಿನ ಹಿಂದೆ ಅಂಗೈ ಅಗಲದ ನೀಲಿ ತೇಪೆ ಏರುವುದನ್ನು ನೋಡುತ್ತಿದ್ದ.

"ತಗೋ, ಇನ್ನು ಹತ್ತು ವರ್ಷ ಬರುತ್ತೆ. ಒಂದು ರೂಪಾಯಿ ಕೊಡು."

"ರೂಪಾಯಾ?"

"ನಿಂದೇ ಬೋಣಿ ಕಣಪ್ಪ. ಬೋಣಿ ಬಿಟ್ಟಿ ಮಾಡಬಾರದು."

ಜಗನ್ನಾಥ ಕೊಟ್ಟ. ಆಮೇಲೆ ಫಾರಂ ತೆಗೆದು, "ಹೊಲಿಗೆಯಿಂದ ಆದಾಯ ಇದೆಯೇ?" ಎಂಬ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂತ. 'ಇಲ್ಲ' ಎಂದು ಬರೆದರೆ ಐದು ಗಂಟೆಗೆ ಆರ್ಡರು, ಆರು ಗಂಟೆಗೆ ನೀಲಾ. ಅವನಿಗೆ ಅಳು ಬರುವಂತಾಯಿತು. ನಾಲ್ಕು ವರ್ಷದಲ್ಲಿ ಅವನು ಒಂದು ಫಾರಂನಲ್ಲೂ ಸುಳ್ಳು ಬರೆದವನಲ್ಲ. ಅಲ್ಲದೆ ಹಿಂದೆ ಬಸವರಾಜೇಶ್ವರಿಯವರು ನಿಂತಿದ್ದರು.

"ಇದ್ದಿದ್ದನ್ನ ಬರಿ. ಇಲ್ಲ ಅಂತ ಬರೆದ್ಯೋ, ತೇಪೆ ಬಿಚ್ಚಿ ಇಟ್ಕೋತೀನಿ."

ಜಗನ್ನಾಥ ಹನ್ನೆರಡು ಫಾರಂಗಳಲ್ಲೂ 'ಇದೆ' ಎಂದು ಬರೆದ. ಮಿಷನ್ನು ಎಲ್ಲಿಂದ ಬಂತು, ಹೇಗೆ ಬಂತು, ಮೊದಲ ಗಿರಾಕಿ ಯಾರು ಎಂಬುದನ್ನೂ ಬರೆದ.

ಐದಕ್ಕೆ ಐದು ನಿಮಿಷವಿರುವಾಗ ಅವನು ಗಿರಣಿಯ ಮೆಟ್ಟಿಲು ಹತ್ತಿದ. ಚನ್ನಕೇಶವನ ಮೇಜಿನ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಹೂಜಿ, ಹೂಜಿಯ ಪಕ್ಕ ನಿದ್ದೆ ಹೋದ ಚನ್ನಕೇಶವನ ತಲೆ ಇತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿತು ಜಗನ್ನಾಥನಿಗೆ.

ಡಾಕ್ಟರ ಮುಂದೆ ಆರ್ಡರಿತ್ತು, ಮುಚ್ಚಳ ತೆಗೆದ ಪೆನ್ನೂ ಇತ್ತು. ಅವರು ಫಾರಂಗಳನ್ನು ಓದತೊಡಗಿದರು. ಮೂರನೆಯದಕ್ಕೆ ಹುಬ್ಬು ಏರಿತು. ಎಂಟನೆಯದಕ್ಕೆ ಎದ್ದು ನಿಂತರು. ಹನ್ನೆರಡನೆಯದು ಮುಗಿದಾಗ ಜಗನ್ನಾಥ ಕಣ್ಣು ಮುಚ್ಚಿಕೊಂಡ.

"ಅದ್ಭುತ!" ಎಂದರು ಡಾಕ್ಟರು.

ಜಗನ್ನಾಥ ಒಂದು ಕಣ್ಣು ತೆರೆದ.

"ಕೊಟ್ಟ ಬೀದಿಯವರು ಹೊದಿಕೆ ಹಾಕಿ ಇಟ್ಟಿದಾರೆ, ಕೊಡದ ಬೀದಿಯವರು ದುಡೀತಿದಾರೆ! ಜಗನ್ನಾಥ್, ಇಂಥಾ ಫಲಿತಾಂಶ ಬಂದ್ರೆ ಬೇರೆ ಯಾರಾದ್ರೂ ಮುಚ್ಚಿಡ್ತಿದ್ರು. ನಿಮ್ಮ ಪ್ರಾಮಾಣಿಕತೆ ನೋಡಿ ನನಗೆ ಹೆಮ್ಮೆ ಆಗ್ತಿದೆ."

"ಹಾಗಾದ್ರೆ ಸಾರ್, ಆರ್ಡರು..."

"ಅದನ್ನೇ ಹೇಳೋಕೆ ಹೊರಟಿದ್ದೆ. ಕೂತ್ಕೊಳಿ." ಡಾಕ್ಟರು ಡ್ರಾಯರಿನಿಂದ ಗ್ರಾಫ್ ಹಾಳೆಯೊಂದನ್ನು ತೆಗೆದು ಪ್ರೀತಿಯಿಂದ ಹಿಟ್ಟು ಒರೆಸಿದರು. ಅದರಲ್ಲಿ ಎರಡು ಗೆರೆಗಳಿದ್ದವು. ಕೆಂಪು ಗೆರೆ ಎರಡು ವರ್ಷದಿಂದ ಇಳಿಯುತ್ತಲೇ ಬಂದಿತ್ತು, ನೀಲಿಯದು ಏರುತ್ತಲೇ ಹೋಗಿತ್ತು. "ಖಾಯಂ ಮಾಡಿದ್ರೆ ನೌಕರರು ಹೆಚ್ಚು ಕೆಲಸ ಮಾಡ್ತಾರಾ ಅಂತ ಒಂದು ಸಣ್ಣ ಅಧ್ಯಯನ ಇಟ್ಕೊಂಡಿದ್ದೆ. ಒಂದೇ ದಿನ ಸೇರಿದ ಇಬ್ಬರು. ಚನ್ನಕೇಶವನಿಗೆ ಕೊಟ್ಟೆ, ಕೆಂಪು ಗೆರೆ ಅವನದು. ನಿಮಗೆ ಕೊಡಲಿಲ್ಲ, ನೀಲಿ ನಿಮ್ಮದು."

ಕೆಳಗೆ ಗಿರಣಿ ಗಿರ್ರೆನ್ನುತ್ತಿತ್ತು.

"ನಾನು... ಹೋಲಿಕೆನಾ ಸಾರ್?"

"ಹೇಳಬಾರದಿತ್ತು, ನಿಯಮ. ಈ ಗೆರೆಗಳನ್ನ ನಾನೇ ನಂಬಿರ್ಲಿಲ್ಲ. ಎಲ್ಲೋ ಲೆಕ್ಕ ತಪ್ಪಿದೆ ಅಂದ್ಕೊಂಡು, ಸಾಕು, ಇವತ್ತು ಮುಗಿಸಿಬಿಡೋಣ ಅಂತ ಆರ್ಡರ್ ಟೈಪ್ ಮಾಡಿಸಿದ್ದೆ. ಈಗ ನೋಡಿ, ಹನ್ನೊಂದನೇ ಕ್ರಾಸೂ ಅದನ್ನೇ ಹೇಳ್ತಿದೆ! ಇಂಥಾ ಹೊತ್ತಲ್ಲಿ ನಿಲ್ಲಿಸೋದಾ? ಇನ್ನೆರಡು ವರ್ಷ ಮುಂದುವರಿಸಲೇಬೇಕು." ಅವರು ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಬಂದು ಜಗನ್ನಾಥನ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಿ. ಹೋಲಿಕೆ ಅನ್ನೋದು ಗೌರವದ ಕೆಲಸ. ನೀವಿಲ್ದೇ ಇದ್ರೆ ಚನ್ನಕೇಶವನ ಬೆಲೆ ಗೊತ್ತಾಗೋದೇ ಇಲ್ಲ."

ಆರು ಗಂಟೆಗೆ ಜಗನ್ನಾಥ ವಿಜಯನಗರದಲ್ಲಿದ್ದ. ಚನ್ನಮಲ್ಲಪ್ಪನವರು ಪಂಚಾಂಗ ತೆಗೆದಿಟ್ಟುಕೊಂಡು ಕಾಯುತ್ತಿದ್ದರು. ಒಳಬಾಗಿಲ ಪರದೆಯ ಕೆಳಗೆ ನೀಲಾಳ ಎರಡು ಪಾದಗಳು ಕಾಣುತ್ತಿದ್ದವು. ಅವನು ತೇಪೆ ಕಾಣದಂತೆ ಕುರ್ಚಿಯಲ್ಲಿ ಕೂತು, ಮೊಳೆಯಿಂದ ಗ್ರಾಫಿನವರೆಗೆ ಒಂದನ್ನೂ ಬಿಡದೆ ಹೇಳಿದ. ಮಿಷನ್ನು ಗಲ್ಲಿಯಲ್ಲಿ ಬಂದದ್ದನ್ನು ಹೇಳುವಾಗ ಪರದೆಯ ಹಿಂದೆ ಕಿಸಕ್ಕೆಂದಿತು. ಚನ್ನಮಲ್ಲಪ್ಪನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಗನ್ನಾಥನಿಗೆ ಧೈರ್ಯ ಬಂತು. ಇಷ್ಟು ನಕ್ಕವರು ಇಲ್ಲವೆನ್ನಲಾರರು.

"ನಿಮ್ಮ ಡೈರೆಕ್ಟರು ಭಾರೀ ತಿಳಿದೋರು ಕಣ್ರೀ," ಎಂದರು ಕಣ್ಣೊರೆಸಿಕೊಳ್ಳುತ್ತ. "ಕೊಟ್ಟುಬಿಟ್ರೆ ಹೊದಿಕೆ ಹಾಕಿ ಮೂಲೇಲಿ ಇಟ್ಟುಬಿಡ್ತಾರೆ. ಕೊಡದೇ ಇದ್ರೆ ಬೆಲೆ ಗೊತ್ತಿರುತ್ತೆ. ಅಲ್ವಾ?"

"ಹೂಂ... ಅಧ್ಯಯನದಲ್ಲಿ ಹಾಗೇ ಬಂದಿದೆ," ಎಂದ ಜಗನ್ನಾಥ.

"ನಮ್ಮ ದೊಡ್ಡ ಮಗಳನ್ನ ಬೇಗ ಕೊಟ್ಟು ಅನುಭವಿಸ್ತಾ ಇದೀನಿ. ನೀಲಾನ್ನ ಇನ್ನೆರಡು ವರ್ಷ ಕೊಡೋದು ಬೇಡ. ಹೋಲಿಸಿ ನೋಡೋಣ." ಅವರು ಪಂಚಾಂಗ ಮಡಿಚಿದರು.

ಪರದೆಯ ಕೆಳಗಿನ ಪಾದಗಳು ಹಿತ್ತಿಲ ಕಡೆಗೆ ತಿರುಗಿದವು. ಜಗನ್ನಾಥನ ಕಣ್ಣೂ ಅವುಗಳ ಜೊತೆಗೇ ಹೋಯಿತು. ಅವನಿಗೆ ಬಸವರಾಜೇಶ್ವರಿಯವರ ನೆನಪಾಯಿತು. ಕೊಡದೇ ಇದ್ದುದನ್ನು ಅವರು ಯಾವ ದಾರಿಯಲ್ಲಿ ತಂದಿದ್ದರೆಂಬುದೂ ನೆನಪಾಯಿತು.

"ಆಮೇಲೆ ಇನ್ನೊಂದು ಮಾತು," ಎಂದರು ಚನ್ನಮಲ್ಲಪ್ಪನವರು, ಕಾಫಿಯ ಲೋಟವನ್ನು ಅವನ ಮುಂದೆ ಸರಿಸುತ್ತ. "ನಮ್ಮ ಮನೆ ಹಿಂದೆ ಗಲ್ಲಿ ಇಲ್ಲ. ಎಂಟಡಿ ಗೋಡೆ ಇದೆ. ಮೇಲೆ ಸಾಲಾಗಿ ಮೊಳೆ ಹೊಡೆಸಿದೀನಿ."