ನಸುಕಿನ ಫೋನು

ಕೆಲವು ಹೆಂಗಸರಿಗೆ ಬಂಗಾರದ ಆಸೆ, ಕೆಲವರಿಗೆ ಸೀರೆಯ ಆಸೆ. ಇಳಕಲ್ಲಿನಲ್ಲಿ ಹುಟ್ಟಿದ ನನಗೆ ಸೀರೆಯ ಆಸೆಯಾದರೂ ಇರಬೇಕಾಗಿತ್ತು. ಆದರೆ ನಾನು ಪ್ರಾಣ ಇಟ್ಟುಕೊಂಡಿರುವುದು ನಸುಕಿನ ನಿದ್ದೆಯ ಮೇಲೆ. ಮದುವೆಗೆ ಮೊದಲು ನಮ್ಮಪ್ಪ ವರನನ್ನು ಚೆನ್ನಾಗಿಯೇ ವಿಚಾರಿಸಿದ್ದ. "ಹುಡುಗ ಹೈಸ್ಕೂಲ್ ಗಣಿತ ಮಾಸ್ತರ. ಕುಡಿಯೂದಿಲ್ಲ, ಸೇದೂದಿಲ್ಲ, ಭಾಳ ಶಾಂತ" ಎಂದು ಬಂದು ಹೇಳಿದ. ಈ ಶಾಂತ ಮನುಷ್ಯ ಹೊತ್ತು ಮೂಡುವ ಮೊದಲೇ ಎದ್ದು ಊರ ಮಕ್ಕಳನ್ನೆಲ್ಲ ಎಬ್ಬಿಸುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಮನೆಯಲ್ಲಿ ಈ ಹಾವಳಿ ಶುರು. ನಾವಿರುವುದು ಹುನಗುಂದದಲ್ಲಿ, ನಮ್ಮವರ ಶಾಲೆ ಅಮೀನಗಡದಲ್ಲಿ. ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆ ಮುಗಿಯುವ ತನಕ ದಿನಾ ನಸುಕಿನಲ್ಲಿ ಫೋನು ಮಾಡಿ, ಓದಲು ಎಬ್ಬಿಸುವುದು ಅವರ ವ್ರತ. ಮೊದಮೊದಲು ಮಿಸ್ಡ್ ಕಾಲ್ ಕೊಡುತ್ತಿದ್ದರು. ಎದ್ದ ಮಕ್ಕಳು ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಅವು ಮಲಗಿಕೊಂಡೇ ಗುಂಡಿ ಒತ್ತಿ ಮಗ್ಗಲು ಬದಲಿಸುತ್ತವೆ ಎಂದು ಗೊತ್ತಾದ ಮೇಲೆ ನಮ್ಮವರು ಹೊಸ ಉಪಾಯ ಹೂಡಿದರು. ಫೋನು ಎತ್ತಿದವರು ಗಣಿತದ ಒಂದು ಸೂತ್ರ ಒಪ್ಪಿಸಬೇಕು. ಸೂತ್ರ ಬಂದರೆ ಎಚ್ಚರವಾಗಿದೆ ಎಂದು ಲೆಕ್ಕ. ನಾನು ಹೊದಿಕೆಯೊಳಗಿನಿಂದ ದಿನಾ ಕೂಗುತ್ತಿದ್ದೆ, "ನೀವಂತೂ ಮಲಗೂದಿಲ್ಲ, ಮಂದಿಗೆ ನಿದ್ದಿ ಮಾಡಾಕರ ಬಿಡ್ರಿ!"

ಹೋದ ವರ್ಷ ಸರಿಯಾಗಿ ಪರೀಕ್ಷೆಯ ಮುಂದೆ ನಮ್ಮವರ ಗಂಟಲು ಕಟ್ಟಿತು. ದವಾಖಾನೆಯ ಡಾಕ್ಟರು ಬ್ಯಾಟರಿ ಹಿಡಿದು ನೋಡಿ, "ಮಾತು ಪೂರಾ ಬಂದ್ ಮಾಡ್ರಿ ಸರ, ಪಿಸುಮಾತೂ ಬ್ಯಾಡ" ಎಂದುಬಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮನೆಗೆ ಬಂದವರೇ ಅಟ್ಟದ ಮೇಲಿದ್ದ ಹಳೆಯ ಪಾಟಿಯನ್ನು ಇಳಿಸಿ, ಬಳಪದಿಂದ ಬರೆದು ನನ್ನ ಮುಂದೆ ಹಿಡಿದರು: "ನಾಳೆಯಿಂದ ನೀನು ಎಬ್ಬಿಸು." ಪಾಟಿಯ ಹಿಂಬದಿಯಲ್ಲಿ ಮಕ್ಕಳು ಒಪ್ಪಿಸಬೇಕಾದ ಸೂತ್ರವನ್ನೂ ಬರೆದಿದ್ದರು. ಮಾತಾಡಬಲ್ಲ ಗಂಡನ ಜೊತೆ ಜಗಳವಾಡಬಹುದು. ಪಾಟಿ ಹಿಡಿದು ನಿಂತ ಗಂಡನ ಜೊತೆ ಏನು ಮಾಡುವುದು?

ಅವರ ಚಿಂತೆಯೆಲ್ಲ ಸಂಗೀತಾ ಎಂಬ ಹುಡುಗಿಯದು. ಅವಳಪ್ಪನದು ಅಮೀನಗಡದಲ್ಲಿ ಕರದಂಟು ಮಿಠಾಯಿಯ ಸಣ್ಣ ಅಂಗಡಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹುಡುಗಿ ಗಣಿತದಲ್ಲಿ ಫೇಲಾಗಿದ್ದಳು. "ಪಾಸಾದ್ರ ಹುನಗುಂದದಾಗ ಕಾಲೇಜು, ಇಲ್ಲಾಂದ್ರ ಅಂಗಡಿ" ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ನಮ್ಮವರಿಗೆ ಬಗೆಹರಿಯದ ಸಂಗತಿ ಎಂದರೆ, ನಸುಕಿನಲ್ಲಿ ಮೊದಲು ಫೋನು ಎತ್ತುವವಳೂ ಅವಳೇ, ತಪ್ಪಿಲ್ಲದೆ ಸೂತ್ರ ಹೇಳುವವಳೂ ಅವಳೇ. ಕ್ಲಾಸಿನಲ್ಲಿ ಮಾತ್ರ ತೂಕಡಿಸುತ್ತಾಳೆ.

ಮರುದಿನ ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು ಅವಳಿಗೇ ಮೊದಲು ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿ, ನಾನು ಹಲೋ ಅನ್ನುವುದನ್ನೂ ಕಾಯದೆ ಆ ಕಡೆಯ ದನಿ ಒಂದೇ ಉಸಿರಿಗೆ ಒಪ್ಪಿಸಿತು. "ಮೈನಸ್ ಬಿ, ಪ್ಲಸ್ ಆರ್ ಮೈನಸ್, ವರ್ಗಮೂಲದಾಗ ಬಿ ವರ್ಗ ಮೈನಸ್ ನಾಕು ಎ ಸಿ, ಕೆಳಗ ಎರಡು ಎ. ಶಿವ ಶಿವಾ!"

ಹತ್ತನೆಯ ತರಗತಿಯ ಯಾವ ಹುಡುಗಿ ಶಿವ ಶಿವಾ ಎಂದು ನಿಟ್ಟುಸಿರು ಬಿಡುತ್ತಾಳೆ? ಸೂತ್ರ ಮುಗಿದ ಕೂಡಲೇ ಫೋನು ಇಡುವ ನಮ್ಮವರ ಕಿವಿಗೆ ಇದು ಬಿದ್ದಿರಲಿಕ್ಕಿಲ್ಲ. "ಯಾರು ಮಾತಾಡೋದು?" ಎಂದು ಗದರಿಸಿದೆ. ಅಳುಕುತ್ತ, "ನಾ ಆಕಿ ಆಯಿ ರೀ ಅವ್ವಾರ, ನೀಲವ್ವ. ಸರ್‌ಗೆ ಹೇಳಬ್ಯಾಡ್ರಿ. ಕೂಸು ಅಂಗಡಿಯಿಂದ ಬಂದ ಡಬ್ಬಿಗೆಲ್ಲಾ ಕರದಂಟು ತುಂಬಿ ಮಲಗೂದ್ರಾಗ ಭಾಳ ತಡಾ ಆಗತೈತಿ. ಎಬ್ಬಸಾಕ ಮನಸ ಬರಂಗಿಲ್ರಿ. ಆಕಿ ಕಡಿಂದ ಕೇಳಿ ಕೇಳಿ ನಾನ ಬಾಯಿಪಾಠ ಮಾಡೇನಿ" ಎಂದಳು ಆ ಅಜ್ಜಿ.

ಬೈಯಲೆಂದು ಬಾಯಿ ತೆರೆದವಳು ಬೈಯದೆ ಫೋನು ಇಟ್ಟೆ. ನಿದ್ದೆಯ ಬೆಲೆ ಬಲ್ಲ ಇನ್ನೊಬ್ಬಳು ಸಿಕ್ಕಿದ್ದಳು. ಆದರೆ ಹುಡುಗಿ ಹೀಗೇ ಮಲಗಿದರೆ ಕಾಲೇಜು ತಪ್ಪುತ್ತದೆಯಲ್ಲ! ನಮ್ಮವರಿಗೆ ಹೇಳದೆ ವಿಧಿಯಿರಲಿಲ್ಲ. ಕೇಳಿದವರು ಸಿಟ್ಟಾಗಲಿಲ್ಲ. ಗಂಟಲು ಹಿಡಿದುಕೊಂಡು ದನಿಯಿಲ್ಲದೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾಟಿಯ ಮೇಲೆ "ಆಯಿ ಪಾಸ್" ಎಂದು ಬರೆದರು. ಆಮೇಲೆ ಅದನ್ನು ಅಳಿಸಿ, ಬಹಳ ಹೊತ್ತು ಖಾಲಿ ಪಾಟಿಯನ್ನೇ ನೋಡುತ್ತ ಕುಳಿತರು.

ಆ ರವಿವಾರ ನನ್ನನ್ನೂ ಕರೆದುಕೊಂಡು ಅಮೀನಗಡದ ಬಸ್ಸು ಹತ್ತಿದರು. ಅಂಗಡಿಗೆ ಹೋದವರೇ ಸಂಗೀತಾಳ ಅಪ್ಪನಿಗೆ ಪಾಟಿ ತೋರಿಸಿದರು: "ಪರೀಕ್ಷೆ ಮುಗಿಯುವ ತನಕ ಡಬ್ಬಿ ತುಂಬುವ ಕೆಲಸ ನನಗೆ ಕೊಡಿ." ತೋರಿಸಿ ಸುಮ್ಮನಿರಲಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಚಕ್ಕಂಬಕ್ಕಳ ಹಾಕಿ ಕುಳಿತೇಬಿಟ್ಟರು. ಗಣಿತದವರ ತೂಕ ನೋಡಬೇಕು! ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಸರಿದರೂ ಒಂದು ಚೂರು ಮುರಿದು ತೆಗೆಯುತ್ತಿದ್ದರು. ತೆಗೆದ ಚೂರುಗಳ ಜವಾಬ್ದಾರಿ ನಾನು ವಹಿಸಿಕೊಂಡೆ.

ಗಿರಾಕಿಗಳು ನಿಂತು ನೋಡತೊಡಗಿದಾಗ ಆ ಅಪ್ಪನ ಮುಖ ಸಣ್ಣದಾಯಿತು. "ಏಳ್ರಿ ಸರ, ನಿಮ್ಮ ಕೈ ಮುಗಿತೇನಿ. ನಂಗೂ ಆಕಿ ಕಲೀಲಿ ಅಂತನ ಐತ್ರಿ. ಹಗಲೆಲ್ಲಾ ಸಾಲ್ಯಾಗ ಓದತಾಳಲ್ಲ, ಸಾಕು ಅನ್ಕೊಂಡಿದ್ನಿ. ನಾಳಿಂದ ಆಕಿಗೆ ಡಬ್ಬಿ ಮುಟ್ಟಾಕ ಬಿಡಂಗಿಲ್ಲ." ನಮ್ಮವರು ಕೈಯಲ್ಲಿದ್ದ ಡಬ್ಬಿಯನ್ನು ತುಂಬಿ, ಮುಚ್ಚಿ, ಆಮೇಲೆಯೇ ಎದ್ದರು. ಒಳಬಾಗಿಲಲ್ಲಿ ನಿಂತಿದ್ದ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ ಅವರನ್ನು ನೋಡಿದೆ. ಬೆರಳಿಗೆಲ್ಲ ಬೆಲ್ಲ ಅಂಟಿತ್ತು. ಈ ಮನುಷ್ಯನ ಮೇಲೆ ನನಗೆ ತಡೆಯಲಾರದಷ್ಟು ಪ್ರೀತಿ ಉಕ್ಕಿ ಬಂತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಕರವಸ್ತ್ರ ಒದ್ದೆ ಮಾಡಿ, ಅವರ ನಿದ್ದೆ ಕೆಡದಂತೆ ಬೆರಳುಗಳನ್ನು ಒಂದೊಂದಾಗಿ ಒರೆಸಿದೆ.

ಅಂದಿನಿಂದ ಸಂಗೀತಾ ಬೇಗ ಮಲಗಿದಳು, ನಸುಕಿನಲ್ಲಿ ತಾನೇ ಫೋನು ಎತ್ತಿದಳು. ಅವಳು ತಡವರಿಸಿದರೆ ಹಿಂದಿನಿಂದ ನೀಲವ್ವ ಹೇಳಿಕೊಡುವುದು ಕೇಳಿಸುತ್ತಿತ್ತು, ನಾನು ಕೇಳದವಳಂತೆ ಇರುತ್ತಿದ್ದೆ. ಹುಡುಗಿ ಪಾಸಾದಳು. ಈಗ ದಿನಾ ಹುನಗುಂದಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ನಮ್ಮವರ ದನಿಯೂ ಮರಳಿತು.

ಇನ್ನು ಸುಖವಾಗಿ ಮಲಗೋಣ ಎಂದುಕೊಂಡರೆ ಆಗಬೇಕಲ್ಲ! ಮೊನ್ನೆ ಫೋನಿನ ಕಾಟವಿಲ್ಲದ ಒಂದು ನಸುಕಿನಲ್ಲಿ ಎಚ್ಚರವಾಯಿತು. ಎಷ್ಟು ಹೊರಳಾಡಿದರೂ ನಿದ್ದೆ ಬರಲಿಲ್ಲ. ಕೈ ತಾನಾಗಿಯೇ ಫೋನು ಹುಡುಕಿ ನೀಲವ್ವನಿಗೆ ಹಚ್ಚಿತು.

"ಮೈನಸ್ ಬಿ..." ಎಂದು ಶುರು ಮಾಡಿದವಳು ನಡುವೆಯೇ ನಿಂತಳು. "ಅವ್ವಾರ, ಹುಡುಗಿ ಪಾಸಾಗ್ಯಾಳಲ್ರಿ! ಈಗ ಯಾರನ್ನ ಎಬ್ಬಸಾಕ ಹಚ್ಚೀರಿ?"

"ಯಾರನ್ನೂ ಇಲ್ಲ ಆಯಿ. ನನಗ ಎಚ್ಚರ ಆತು, ಅದಕ್ಕ."

"ಖರೇನ ಎಚ್ಚರ ಅದೀರೋ, ನಿದ್ದಿಗಣ್ಣಾಗ ಮಾತಾಡಾಕತ್ತೀರೋ? ಸೂತ್ರ ಹೇಳ್ರಿ ನೋಡೂಣು."

ಪಾಟಿ ಕೈಯಲ್ಲಿರಲಿಲ್ಲ. ಹೇಗೋ ವರ್ಗಮೂಲ ದಾಟಿ ನಾಕು ಎ ಸಿ ತನಕ ಬಂದು ನಿಂತೆ. ಮುಂದೆ ಏನೂ ಹೊಳೆಯಲಿಲ್ಲ. ಆ ಕಡೆ ನೀಲವ್ವ ಕಾಯುತ್ತಿದ್ದಳು. ಪಕ್ಕದ ಹೊದಿಕೆಯೊಳಗಿನಿಂದ ಮುಖ ಹೊರಗೆ ಹಾಕದೆಯೇ ನಮ್ಮವರು ಹೇಳಿದರು:

"ಕೆಳಗ ಎರಡು ಎ. ಅಷ್ಟ ಹೇಳಿ ಫೋನ್ ಇಡು. ಮಂದಿಗೆ ನಿದ್ದಿ ಮಾಡಾಕರ ಬಿಡು."