ನುಗ್ಗೆಮರದ ನೆಟ್ಟು, ಮಾರಮ್ಮನ ಅಪ್ಪಣೆ

ನಮ್ಮ ಸೋದರತ್ತೆ ಕಂಪ್ಯೂಟರ್ ಕಾಯಿದೆಯನ್ನು ಮುರಿದವರು. ಅವರಿಗೆ ಮೊಬೈಲ್ ಆನ್ ಮಾಡಲೂ ಬಾರದು ಎಂಬುದು ಬೇರೆ ಮಾತು!

ಹನಕೆರೆಯ ಈ ಅತ್ತೆ ಕೂತಲ್ಲಿ ಕೂರುವವರಲ್ಲ. ಆದರೆ ಊರ ಮಾರಮ್ಮನ ಅಪ್ಪಣೆಯಿಲ್ಲದೆ ಯಾವ ಕೆಲಸಕ್ಕೂ ಕೈಹಾಕುವವರಲ್ಲ. ದೇವಿಯ ಬಲಗಡೆಯಿಂದ ಹೂವು ಬಿದ್ದರೆ ಸರಿ, ಎಡಗಡೆಯಿಂದ ಬಿದ್ದರೆ ಬೇಡ. ಮುತ್ತತ್ತಿಗೆ ಹೋಗಲೂ ಹೂವು, ಮಿಕ್ಸಿ ರಿಪೇರಿಗೂ ಹೂವು! ಬೀಳಲು ತಡವಾದರೆ ಸೆರಗಿನಿಂದ ಗಾಳಿ ಬೀಸುತ್ತಾರೆ. ಯಾಕತ್ತೆ ಎಂದರೆ, "ಅಮ್ಮಂಗೆ ಸೆಕೆ ಕಣ್ಲಾ" ಎನ್ನುತ್ತಾರೆ.

ಈಚೆಗೆ ಅವರ ಹಿತ್ತಲ ನುಗ್ಗೆಮರದ ಮೇಲೆ ಯಾರೋ ಒಂದು ಕಪ್ಪು ತಂತಿ ಎಳೆದರು. ಕಾಯಿ ಕೀಳಲು ದೋಟಿ ಎತ್ತಿದಾಗೆಲ್ಲ ಅಡ್ಡ. ಅತ್ತೆ ಗುಡಿಗೆ ಹೋದರು, ಹೂವು ಬಲಕ್ಕೆ ಬಿತ್ತು. ಮನೆಗೆ ಬಂದವರೇ ದೋಟಿಗೆ ಕುಡುಗೋಲು ಕಟ್ಟಿ ಎಳೆದೇಬಿಟ್ಟರು. ಅರ್ಧ ಊರಿನ ಇಂಟರ್‌ನೆಟ್ಟು ಹೋಯಿತು!

ಸಂಜೆಗೆ ಕೇಬಲ್‌ನವನು ಪೊಲೀಸ್ ದಫೇದಾರರನ್ನು ಕರೆತಂದ. ಸುದ್ದಿ ಕೇಳಿ ನಾನು ಮದ್ದೂರಿನಿಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕಾಯಿದೆ ಓದಿದೆ. ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲ ಕೆಡಿಸುವುದು ತಪ್ಪು, ದುರುದ್ದೇಶವಿದ್ದರೆ ಮೂರು ವರ್ಷದವರೆಗೆ ಜೈಲು. ಅಪ್ಪಣೆಯಿಲ್ಲದೆ ಮಿಕ್ಸಿ ಮುಟ್ಟದ ಹೆಂಗಸಿನ ಮೇಲೆ ಇಂಥ ಕೇಸೇ?

"ಯಾರ್ ಅಪ್ಪಣೆ ತಕ್ಕಂಡು ಕುಯ್ದೆ ತಾಯಿ?" ನಾನು ಹೋದಾಗ ದಫೇದಾರರು ಅತ್ತೆಯನ್ನು ಕೇಳುತ್ತಿದ್ದರು.

"ಮಾರಮ್ಮಂದು. ಬಲಗಡೆ ಕೊಟ್ಟವ್ಳೆ."

"ತಂತಿ ಓನರ್ನ ಕೇಳ್ಬೇಕಿತ್ತು ಕಣಮ್ಮ."

"ನನ್ ಮರದ್ ಮ್ಯಾಲೆ ತಂತಿ ಎಳ್ಯಕ್ಕೆ ಇವ್ನು ಯಾರ್ನ ಕೇಳಿದ್ದ?"

ದಫೇದಾರರು ಕೇಬಲ್‌ನವನ ಕಡೆ ತಿರುಗಿದರು. ಅವನು ಮರದ ಕಡೆ ತಿರುಗಿದ. ಗೆದ್ದೆವು ಎಂದುಕೊಂಡೆ.

ಅವನು ಮೆಲ್ಲಗೆ ಹೇಳಿದ: "ನಂದು ಬುಡಕ್ಕ. ಪಕ್ಕದ್ಮನೆ ಜಬೀನಕ್ಕ ಕಾಲ್ ಮುರ್ಕಂಡು ಮಲ್ಗವ್ರೆ. ಅವ್ರ ಮೊಮ್ಮಗ ಉಟ್ದಾಗಿಂದ್ಲೂ ಮೈಸೂರ್ ಆಸ್ಪತ್ರೇಲಿ ಗಾಜಿನ್ ಪೆಟ್ಗೇಲವ್ನೆ. ದಿನಾ ಸಂಜೆ ಈ ತಂತೀಲೇ ಅವನ್ ಮೊಕ ನೋಡ್ತಿದ್ರು."

ಅತ್ತೆ ಪಕ್ಕದ ಮನೆಯ ಕಿಟಕಿಯನ್ನೇ ನೋಡುತ್ತ ನಿಂತರು. ಆಮೇಲೆ ದಫೇದಾರರಿಗೆ, "ಕೇಸ್ ಆಕ್ಕಳಿ ಸಾಮಿ, ನಿಮ್ ಜೊತೆ ಬತ್ತೀನಿ. ಮೊದ್ಲು ಅದ್ನ ಸೇರುಸ್ಲಿ" ಎಂದರು.

"ಕೇಸು ಬ್ಯಾಡ ಸಾರ್" ಎಂದು ಕೇಬಲ್‌ನವನೇ ಏಣಿ ಹತ್ತಿದ. ಕತ್ತಲಾಗುತ್ತಿತ್ತು. ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಅತ್ತೆಯನ್ನು ಕಂಡು ನನಗೆ ಎಂದೂ ಇಲ್ಲದ ಅಕ್ಕರೆ ಉಕ್ಕಿತು, ಕಣ್ಣು ತುಂಬಿತು. ಅವರಿಗೆ ಅದೊಂದೂ ಬೇಕಿರಲಿಲ್ಲ.

"ಬಿರ್ನೆ ಕಟ್ಟಪ್ಪ" ಎನ್ನುತ್ತಿದ್ದರು, "ಕೂಸು ಮಲಗ್ಬುಡ್ತದೆ."