ರಂಗೋಲಿಯಲ್ಲಿ ಹಾಕಿದ ಬಚ್ಚಲು

ಇಂಜಿನಿಯರ್ ಕಚೇರಿಯಿಂದ ಹೊರಡುವ ಪ್ರತಿಯೊಂದು ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಅದರಲ್ಲಿ ನಾಲ್ಕು ಸಾಲು. ಯೋಜಿಸಿದವರು, ಬರೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು. ತರೀಕೆರೆಯ ನಮ್ಮ ಕಚೇರಿಯಲ್ಲಿ ನಾನು ಹನ್ನೊಂದು ವರ್ಷ ಆ ಮೂರನೆಯ ಸಾಲಿನಲ್ಲೇ ಬಿದ್ದಿದ್ದೆ. ಬೇರೆಯವರು ಎಳೆದ ಗೆರೆಯ ಮೇಲೆ ತೆಳ್ಳನೆಯ ಹಾಳೆ ಹಾಸಿ ಅದೇ ಗೆರೆಯನ್ನು ಮತ್ತೆ ಎಳೆಯುವುದೇ ಟ್ರೇಸರ್ ಎಂಬ ಪ್ರಾಣಿಯ ಕೆಲಸ. ಎಪ್ಪತ್ತೆಂಟರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಎರಡನೆಯ ಸಾಲಿಗೆ ಏರಿದೆ. ಅವತ್ತು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಈ ಜನ್ಮದಲ್ಲಿ ಇನ್ನು ಮೂರನೆಯ ಸಾಲಿಗೆ ಸಹಿ ಹಾಕುವುದಿಲ್ಲವೆಂದು ಸಂಕಲ್ಪ ಮಾಡಿದೆ. ಹೆಂಡತಿ ಸೀತಾದೇವಿ ಪಕ್ಕದಲ್ಲೇ ನಿಂತಿದ್ದಳು, ಅವಳೇ ಸಾಕ್ಷಿ.

ಆ ಸಂಕಲ್ಪಕ್ಕೆ ಸಂಚಕಾರ ಬಂದದ್ದು ನಮ್ಮ ಬಚ್ಚಲುಮನೆಯಿಂದ.

ಸಿಂಗಟಗೆರೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದ ತಾಯಿ ಜಾನಕಮ್ಮನವರು ಮಂಡಿನೋವಿಗೆ ಔಷಧ ತೆಗೆದುಕೊಳ್ಳಲು ನಮ್ಮಲ್ಲಿಗೆ ಬಂದಿದ್ದರು. ನಮ್ಮ ಹಳೆಯ ಬಚ್ಚಲು ಹಿತ್ತಿಲಿನ ಕೊನೆಯಲ್ಲಿ, ಪಾಚಿ ಕಟ್ಟಿದ ಚಪ್ಪಡಿಗಳನ್ನು ದಾಟಿ ಹೋಗಬೇಕು. ಎರಡನೆಯ ವಾರದಲ್ಲೇ ಅಮ್ಮ ಅಲ್ಲಿ ಜಾರಿದರು. ಪುಣ್ಯಕ್ಕೆ ಬಟ್ಟೆ ಒಣಗಿಸುವ ತಂತಿ ಕೈಗೆ ಸಿಕ್ಕಿತು. ಒಳಗೆ ಬಂದು ಕೂತವರೇ, ಬರುವ ಸೋಮವಾರ ಊರಿಗೆ ಹೊರಡುತ್ತೇನೆ ಅಂದುಬಿಟ್ಟರು. ಸೀತಾದೇವಿಯ ಕಣ್ಣಲ್ಲಿ ನೀರು ಬಂತು. (ಅತ್ತೆ ಸೊಸೆ ಜಗಳವಾಡುವ ಮನೆಗಳಲ್ಲಿ ಗಂಡಸಿಗೆ ಒಂದಿಷ್ಟು ಬೆಲೆಯಾದರೂ ಇರುತ್ತದೆ. ನಮ್ಮಲ್ಲಿ ಅವರಿಬ್ಬರದು ಒಂದೇ ಪಕ್ಷ, ವಿರೋಧ ಪಕ್ಷ ನಾನೊಬ್ಬನೇ.)

ಅಡಿಗೆಮನೆಗೂ ಹಿತ್ತಿಲ ಬಾಗಿಲಿಗೂ ನಡುವೆ ಸೌದೆ ಒಟ್ಟುತ್ತಿದ್ದ ಜಾಗವೊಂದಿತ್ತು, ಆರಡಿಗೆ ನಾಲ್ಕೂವರೆ ಅಡಿ. ಅಲ್ಲೇ ಮನೆಯೊಳಗಿನ ಬಚ್ಚಲು ಕಟ್ಟಿಸುತ್ತೇನೆ, ಅಮ್ಮ ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಘೋಷಿಸಿದೆ. ಎರಡು ದಿನ ಕೂತು, ಪೆನ್ಸಿಲ್ ಚೂಪು ಮಾಡಿ ಮಾಡಿ, ಭವ್ಯವಾದ ನಕ್ಷೆ ತಯಾರಿಸಿದೆ. ಗೋಡೆಗೆ ಬೇಸಿನ್ನು, ಬೇಸಿನ್ನಿನ ಮೇಲೆ ಕನ್ನಡಿ, ತಲೆಯ ಮೇಲೆ ಷವರ್ರು, ನೆಲಕ್ಕೆ ಮೊಸಾಯಿಕ್ಕು. ನಡುವೆ ಐದಡಿ ಆರಂಗುಲದ ಒಬ್ಬ ಮನುಷ್ಯನನ್ನೂ ಬರೆದೆ. ಅವನು ನೆಟ್ಟಗೆ ನಿಂತು ಸ್ನಾನ ಮಾಡುತ್ತಿದ್ದ.

ಸೀತಾದೇವಿ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಚೆನ್ನಾಗಿದೆ ಕಣ್ರೀ. ಈ ಷವರ್ರಿಗೆ ನೀರು ಮೇಲಕ್ಕೆ ಹತ್ತಿಸೋರು ಯಾರು? ಬೀದಿ ನಲ್ಲೀಲಿ ಬೆಳಿಗ್ಗೆ ಒಂದು ಗಂಟೆ ಬರುತ್ತೆ, ಅದೂ ಸಣ್ಣಗೆ."

"ಮುಂದೆ ಟ್ಯಾಂಕ್ ಕಟ್ಟಿಸೋಣ ಕಣೇ."

"ಅಲ್ಲೀವರೆಗೆ ಅಮ್ಮ ಷವರ್ ಕೆಳಗೆ ನಿಂತು ಕಾಯ್ತಾ ಇರಬೇಕಾ? ಅಷ್ಟಕ್ಕೂ ಅವರು ನಿಲ್ಲೋದು ಹೇಗೆ? ಹಂಡೆ ಎಲ್ಲಿ?"

ಹಂಡೆ! ನನ್ನ ನಕ್ಷೆಯಲ್ಲಿ ಎಲ್ಲವೂ ಇತ್ತು, ಬಿಸಿನೀರೊಂದು ಇರಲಿಲ್ಲ. ಪರಿಷ್ಕರಿಸುತ್ತೇನೆ ಎಂದು ಗಂಭೀರವಾಗಿ ಹೇಳಿ ಕಚೇರಿಗೆ ಹೋದೆ.

ಸಂಜೆ ಬಂದು ನೋಡುತ್ತೇನೆ, ಹಿತ್ತಿಲಿನ ಗಟ್ಟಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಬಚ್ಚಲುಮನೆ ಎದ್ದಿದೆ. ಕಾಗದದ ಮೇಲಿನ ಪುಟಾಣಿ ಬಚ್ಚಲಲ್ಲ, ಇರಬೇಕಾದಷ್ಟೇ ಅಗಲದ, ಇರಬೇಕಾದಷ್ಟೇ ಉದ್ದದ ಬಚ್ಚಲು. ಹಂಡೆಯ ಜಾಗದಲ್ಲಿ ಸೀತಾದೇವಿ ಭತ್ತದ ಕುಕ್ಕೆ ಮಗುಚಿಟ್ಟಿದ್ದಳು. ನಡುವೆ ಮಣೆಯ ಮೇಲೆ ನನ್ನ ತಾಯಿ ಸೀರೆ ಉಟ್ಟುಕೊಂಡೇ ಅಭ್ಯಂಜನ ಮಾಡುತ್ತಿದ್ದರು. ಖಾಲಿ ಚೊಂಬು ಎತ್ತಿ ತಲೆಗೆ ಸುರಿದುಕೊಳ್ಳುವರು, ಇಲ್ಲದ ಸೀಗೇಪುಡಿಗೆ ಕೈ ಚಾಚುವರು, ಬಗ್ಗಿ ಹಿಮ್ಮಡಿ ಉಜ್ಜುವರು. ಮೊಣಕೈ ಎಲ್ಲಿ ಗೆರೆ ದಾಟಿತೋ ಅಲ್ಲಿ ಸೀತಾದೇವಿ ಕಾಲಿನಿಂದ ಗೆರೆ ಅಳಿಸಿ ಎರಡು ಬೆರಳು ಆಚೆಗೆ ಹಾಕುವಳು. ಪಕ್ಕದ ಮನೆಯವರು ಬೇಲಿಗೆ ಒರಗಿ ನೋಡುತ್ತಿದ್ದರು.

ನನ್ನ ನಕ್ಷೆಗೂ ನ್ಯಾಯ ಸಿಗಲಿ ಎಂದು ಅದರಂತೆಯೇ ಒಳಗೆ ತೆಗೆಯುವ ಬಾಗಿಲು ಇಡಿಸಿದೆ. ಒಂದು ಹಲಗೆ ಹಿಡಿದು ನಾನೇ ಬಾಗಿಲಾದೆ. ಒಳಗೆ ತಳ್ಳಿದೆ. ಹಲಗೆ ನೇರವಾಗಿ ಅಮ್ಮನ ನೋವಿನ ಮಂಡಿಗೆ ಬಡಿಯಿತು. ಆಮೇಲೆ ನನ್ನನ್ನು ಹಲಗೆಯ ಸಮೇತ ಬೇಲಿಯ ಹತ್ತಿರ ನಿಲ್ಲಿಸಿದರು.

ಗಾರೆ ಕೆಲಸದ ರೇವಣಪ್ಪ ಬಂದು ನನ್ನ ನಕ್ಷೆಯನ್ನೂ ನೆಲವನ್ನೂ ನೋಡಿದ. ನಕ್ಷೆಯನ್ನು ಮರ್ಯಾದೆಯಿಂದ ಮಡಿಸಿ ನನ್ನ ಕೈಗೇ ಕೊಟ್ಟ.

"ನಿಮ್ದು ನೋಡಕ್ ಚೆಂದಾಗೈತೆ ಸ್ವಾಮಿ. ಕಟ್ಟಕ್ಕೆ ಅಮ್ಮಾರ್ದು ಸರಿ."

ಮೂರು ವಾರದಲ್ಲಿ ಬಚ್ಚಲು ಎದ್ದಿತು. ಸುಳ್ಳು ಹೇಳಬಾರದು, ಅಂಥ ಬಚ್ಚಲನ್ನು ನಾನು ಇಷ್ಟು ವರ್ಷದ ಸರ್ವೀಸಿನಲ್ಲಿ ನೋಡಿಲ್ಲ. ಹಂಡೆ ಮೂಲೆಯಲ್ಲಿ, ಅದರ ಒಲೆಯ ಬಾಯಿ ಹಿತ್ತಿಲ ಕಡೆಗೆ, ಹಾಗಾಗಿ ಹೊಗೆ, ಸೌದೆ, ಬೂದಿ ಯಾವುದೂ ಒಳಕ್ಕಿಲ್ಲ. ಕೂತವರ ಕೈಗೆ ಎಟಕುವಷ್ಟು ಎತ್ತರದಲ್ಲಿ ಸೋಪಿಗೊಂದು, ಸೀಗೇಪುಡಿಗೊಂದು ಗೂಡು. ಎದ್ದು ನಿಲ್ಲುವಾಗ ಹಿಡಿದುಕೊಳ್ಳಲು ಹಳೆಯ ಕಿಟಕಿಯ ಸರಳು ಗೋಡೆಗೆ ಸೇರಿತ್ತು. ಮೇಲೆ ಗಾಜಿನ ಹೆಂಚು, ಹಗಲೆಲ್ಲ ಬೆಳಕು. ಒಲೆಯ ಬಿಸಿಗೆ ಒದ್ದೆ ಸೀರೆ ಅಲ್ಲೇ ಗಳದ ಮೇಲೆ ಆರುತ್ತಿತ್ತು. ಬಾಗಿಲು ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ಅಷ್ಟೆಲ್ಲ ಇದ್ದೂ ಒಳಗೆ ಹೋದವರಿಗೆ ಇಕ್ಕಟ್ಟು ಅನ್ನಿಸುತ್ತಿರಲಿಲ್ಲ. ನನ್ನ ಮರ್ಯಾದೆಗೆಂದು ಸೀತಾದೇವಿ ಒಂದು ಕನ್ನಡಿಯನ್ನೂ ತೂಗುಹಾಕಿದ್ದಳು. ಅದೂ ಕೂತವರಿಗೇ ಕಾಣುವಂತಿತ್ತು. ನೋಡಿ ನೋಡಿ ನನಗೆ ಎದೆ ತುಂಬಿ ಬರುತ್ತಿತ್ತು. ಅಮ್ಮ ಸಿಂಗಟಗೆರೆಯ ಮಾತೇ ಬಿಟ್ಟರು.

ತುಂಬಿದ ಎದೆಯಿಂದ ಕಚೇರಿಯಲ್ಲಿ ಈ ಬಚ್ಚಲನ್ನು ಹೊಗಳಿದೆ. ಯಾರೋ, ಪ್ಲಾನ್ ಯಾರದು ಎಂದು ಕೇಳಿದರು. ಬಾಯಿಗೆ ಬಂದ ಹೆಸರು ಸೀತಾದೇವಿ. ಆಚೆ ಬಿದ್ದದ್ದು "ನಂದೇ". ಮಾತು ಇಂಜಿನಿಯರ್ ಓಂಕಾರಮೂರ್ತಿಗಳ ಕಿವಿಗೆ ಹೋಯಿತು. ಅವರು ಕಡೂರಿನಲ್ಲಿ ಮನೆ ಕಟ್ಟಿಸುತ್ತಿದ್ದರು, ಬಚ್ಚಲಿಗೆ ಉಳಿದಿದ್ದ ಜಾಗ ಬಹಳ ಚಿಕ್ಕದು. ಭಾನುವಾರ ಬಂದು ನೋಡುತ್ತೇನೆ ಅಂದರು. ಎಷ್ಟು ಹೊತ್ತಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೊಸ ಬಚ್ಚಲಿನಲ್ಲಿ ಒಂದೇ ದೋಷವಿತ್ತು. ಒಳಗೆ ಹೋದ ಅಮ್ಮ ಒಂದು ಗಂಟೆ ಹೊರಗೆ ಬರುತ್ತಿರಲಿಲ್ಲ. ಆ ಭಾನುವಾರ ಕಾದೂ ಕಾದೂ ಸಾಕಾಗಿ, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಪಂಚೆ ಉಟ್ಟುಕೊಂಡು ಕೂತು, ತಲೆಗೂ ಮುಖಕ್ಕೂ ಸೋಪು ಹಚ್ಚಿಕೊಂಡೆ. ಸರಿಯಾಗಿ ಆ ಗಳಿಗೆಗೆ ಸಾಹೇಬರ ಸ್ವರ ಕೇಳಿಸಿತು.

"ಏನ್ರೀ ದತ್ತಾತ್ರಿ, ಇಷ್ಟು ಚೆನ್ನಾಗಿರೋ ಬಚ್ಚಲು ಕಟ್ಟಿಸಿ ನೀವು ಬಯಲಲ್ಲಿ ಕೂತಿದ್ದೀರಲ್ಲ?"

ತಾಯಿಯವರು ಒಳಗಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದೆ. ಸಾಹೇಬರ ಮನೆಯವರೂ ಬಂದಿದ್ದರು, ಅವರನ್ನು ಸೀತಾದೇವಿ ಮಾತಾಡಿಸುತ್ತಿದ್ದುದು ಕೇಳಿಸುತ್ತಿತ್ತು. ಸಾಹೇಬರು ಒಲೆಯ ಬಾಯಿ ನೋಡಿ, ಬಾಗಿಲು ನೋಡಿ, ಬಾಗಿಲನ್ನು ಹೊರಕ್ಕೆ ಏಕೆ ಇಟ್ಟಿರಿ ಎಂದು ಕೇಳಿದರು. ಸೋಪು ಕಣ್ಣಿಗೆ ಹೋಗಿತ್ತು. ಅದು ಸ್ಟ್ಯಾಂಡರ್ಡ್ ಪದ್ಧತಿ ಸಾರ್ ಅಂದೆ.

ಬಚ್ಚಲಿನೊಳಗೆ ಚೊಂಬಿನ ಸದ್ದು ನಿಂತಿತು.

"ಅವನನ್ನೇನು ಕೇಳ್ತೀಯಪ್ಪಾ," ಎಂದಿತು ನನ್ನ ತಾಯಿಯ ಸ್ವರ, "ಅವನು ಬಾಗಿಲನ್ನ ಒಳಗೆ ಇಟ್ಟು ನನ್ನ ಮಂಡಿಗೆ ಹೊಡೆದಿದ್ದ. ಇದು ನನ್ನ ಸೊಸೆ ರಂಗೋಲೀಲಿ ಹಾಕಿದ್ದು. ನಾನು ಕೂತು ನೋಡಿ ಸರಿ ಅಂದಮೇಲೇ ಗೋಡೆ ಎತ್ತಿದ್ದು."

ನೀರು ಸುರಿದುಕೊಂಡು ಕಣ್ಣು ಬಿಟ್ಟಾಗ ಸಾಹೇಬರು ಸೀತಾದೇವಿಗೆ ಕೈ ಮುಗಿದು ನಿಂತಿದ್ದರು.

ಮುಂದಿನ ಭಾನುವಾರ ಕಡೂರಿನ ಬಸ್ಸಿನಲ್ಲಿ ರಂಗೋಲಿ ಡಬ್ಬ ನನ್ನ ತೊಡೆಯ ಮೇಲಿತ್ತು. ಸೀತಾದೇವಿ ಅಲ್ಲಿ ಸಾಹೇಬರ ಮನೆಯವರನ್ನು ಮಣೆಯ ಮೇಲೆ ಕೂರಿಸಿ ಗೆರೆ ಹಾಕಿದಳು, ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ತಪ್ಪು ತೋರಿಸಿದರು. ಪುರಸಭೆಗೆ ಕೊಡಲು ಕಾಗದದ ಮೇಲೆ ಇಳಿಸಿಕೊಡಿ ಎಂದು ಸಾಹೇಬರು ನನಗೆ ಹೇಳಿದರು.

ಗೆರೆಗಳನ್ನು ಅಳೆದುಕೊಂಡು ಬಂದು ಮನೆಯಲ್ಲಿ ಕೂತು ಇಳಿಸಿದೆ. ಕೊನೆಗೆ ಕೆಳಮೂಲೆಯ ಚೌಕಕ್ಕೆ ಬಂದೆ. ಯೋಜಿಸಿದವರು: ಶ್ರೀಮತಿ ಸೀತಾದೇವಿ. ಬರೆದವರು: ಅವರೇ. ಪರಿಶೀಲಿಸಿದವರು: ಶ್ರೀಮತಿ ಜಾನಕಮ್ಮ. ನ್ಯಾಯವಾಗಿ ನನಗೆ ಉಳಿದದ್ದು ಒಂದೇ ಸಾಲು. ದೇವರ ಗೂಡಿನ ಕಡೆ ನೋಡದೆ ಸಹಿ ಹಾಕಿದೆ. ಬೇಸರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅಷ್ಟು ಒಳ್ಳೆಯ ಗೆರೆಯನ್ನು ನಾನು ಹಿಂದೆ ಯಾವತ್ತೂ ಟ್ರೇಸ್ ಮಾಡಿರಲಿಲ್ಲ.

ಸೀತಾದೇವಿ ಕೈ ಒರೆಸಿಕೊಂಡು ಬಂದು ಹಾಳೆಯ ಮೇಲೆ ಬಗ್ಗಿದಳು. ಮೂರನೆಯ ಸಾಲನ್ನು ಓದಿದಳು, ಸಂಕಲ್ಪದ ಮಾತೆತ್ತಲಿಲ್ಲ. ಆಮೇಲೆ ಸೋಪಿನ ಗೂಡಿನ ಗೆರೆಯ ಮೇಲೆ ಬೆರಳಿಟ್ಟಳು.

"ಇದು ಎರಡು ಬೆರಳು ಮೇಲೆ ಹೋಗಿದೆ ಕಣ್ರೀ. ಅಳಿಸಿ ಕೆಳಗೆ ಹಾಕಿ."

ಅಳಿಸಿ ಕೆಳಗೆ ಹಾಕಿದೆ.